ಸಸೂನ್ ಎಂಬ ಹೆಸರಿನ ಹಿಂದೆ: ಆಸ್ಪತ್ರೆ, ಅಫೀಮು ಮತ್ತು ಬಾಗ್ದಾದಿನ ಒಬ್ಬ ವಲಸಿಗ

ಪ್ರಶ್ನೆ: ನಾವು ಬೆಳಗಾವಿ ಜಿಲ್ಲೆಯವರು. ಸಂಬಂಧಿಕರೊಬ್ಬರ ಚಿಕಿತ್ಸೆಗಾಗಿ ಪುಣೆಯ ಸಸೂನ್ ಆಸ್ಪತ್ರೆಗೆ ಹೋಗಿಬರಬೇಕಾಯಿತು. ಸಸೂನ್ ಎಂಬ ಯೆಹೂದಿ ವ್ಯಾಪಾರಿ ಬಡವರಿಗಾಗಿ ಅದನ್ನು ಕಟ್ಟಿಸಿದನೆಂದು ಅಲ್ಲಿ ಒಬ್ಬರು ಹೇಳಿದರು. ಇನ್ನೊಬ್ಬರು, ಆತ ಚೀನಾಕ್ಕೆ ಅಫೀಮು ಮಾರಿ ದುಡ್ಡು ಮಾಡಿದವನು, ಪಾಪ ತೊಳೆದುಕೊಳ್ಳಲು ದಾನ ಮಾಡಿದ ಎಂದರು. ಇವುಗಳಲ್ಲಿ ಯಾವುದು ನಿಜ? ಅಂಥ ಹೆಸರನ್ನು ಸರ್ಕಾರಿ ಆಸ್ಪತ್ರೆಗೆ ಇನ್ನೂ ಇಟ್ಟುಕೊಂಡಿರುವುದು ಸರಿಯೇ?

ಉತ್ತರ: ಆಸ್ಪತ್ರೆಯ ಮಾತು ನಿಜ, ಅಫೀಮಿನ ಮಾತೂ ನಿಜ. ಪಾಪ ತೊಳೆದುಕೊಂಡ ಮಾತು ಮಾತ್ರ ನಾವು ಈಚೆಗೆ ಕಟ್ಟಿದ ಕಥೆ. ಡೇವಿಡ್ ಸಸೂನ್ ತನ್ನ ವ್ಯಾಪಾರವನ್ನು ಪಾಪವೆಂದು ಎಣಿಸಿದ್ದಕ್ಕೆ ಪುರಾವೆಯಿಲ್ಲ. ದಾನ ಕೊಡುವುದು ಆತನಿಗೆ ಮುಪ್ಪಿನಲ್ಲಿ ಹುಟ್ಟಿದ ಪಶ್ಚಾತ್ತಾಪವಲ್ಲ, ಬಾಗ್ದಾದಿನಿಂದಲೇ ಜೊತೆಗೆ ಬಂದ ಕಟ್ಟುಪಾಡು. ಇದನ್ನು ಹಿಡಿದುಕೊಂಡರೆ ಆ ಮನುಷ್ಯನ ಒಳ್ಳೆಯದೂ ಕೆಟ್ಟದೂ ಎರಡೂ ಇನ್ನಷ್ಟು ಸ್ಪಷ್ಟವಾಗುತ್ತವೆ.

ಡೇವಿಡ್ ಹುಟ್ಟಿದ್ದು 1792ರಲ್ಲಿ, ಬಾಗ್ದಾದಿನಲ್ಲಿ. ಆಗ ಅದು ಒಟ್ಟೋಮನ್ ಸಾಮ್ರಾಜ್ಯದ ಪ್ರಾಂತೀಯ ರಾಜಧಾನಿ. ಆತನ ತಂದೆ ಅಲ್ಲಿನ ಪಾಷಾಗಳ, ಅಂದರೆ ಪ್ರಾಂತ್ಯವನ್ನು ಆಳುತ್ತಿದ್ದ ಅಧಿಕಾರಿಗಳ, ಖಜಾಂಚಿ, ಯೆಹೂದಿ ಸಮುದಾಯದ ಮುಖ್ಯಸ್ಥ. ಆ ಸ್ಥಾನಕ್ಕೆ ಗೌರವವಿತ್ತು, ಅಷ್ಟೇ ಹೊರೆಯೂ ಇತ್ತು. ಸಮುದಾಯದ ಅನಾಥರು, ವಿಧವೆಯರು, ಪಾಠಶಾಲೆ, ಸ್ಮಶಾನ ಎಲ್ಲದರ ಹೊಣೆ ಆ ಮನೆಯ ಮೇಲೆ ಬೀಳುತ್ತಿತ್ತು. ಕೊಡದಿದ್ದರೆ ಮುಖ್ಯಸ್ಥನೇ ಅಲ್ಲ. ದಾವೂದ್ ಪಾಷಾನ ಆಳ್ವಿಕೆಯಲ್ಲಿ ಶ್ರೀಮಂತ ಯೆಹೂದಿಗಳನ್ನು ಹಿಡಿದು ಹಣ ಕೀಳುವುದು ಮಿತಿಮೀರಿತು. ಡೇವಿಡ್ ಸೆರೆಯಾದ, ತಂದೆ ಹಣ ತೆತ್ತು ಬಿಡಿಸಿಕೊಂಡ. ಬಳಿಕ ಆತ ಬಸ್ರಾ ದಾಟಿ ಪರ್ಷಿಯಾದ ಬುಶೆಹ್ರ್ ಬಂದರಿಗೆ ಓಡಿಹೋದ. ಮೇಲಂಗಿಯ ಮಡಿಕೆಯಲ್ಲಿ ಮುತ್ತುಗಳನ್ನು ಹೊಲಿದುಕೊಂಡು ಹೋದನೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅಂಥ ಕಥೆಗಳು ಎಲ್ಲ ಸಿರಿವಂತರ ಮನೆತನಗಳಲ್ಲೂ ಇರುತ್ತವೆ, ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಆತ ಜೊತೆಗೆ ಒಯ್ದ ನಿಜವಾದ ಬಂಡವಾಳವೆಂದರೆ ಮನೆತನದ ಹೆಸರು. ಪರ್ಷಿಯನ್ ಕೊಲ್ಲಿಯ ಬಂದರುಗಳ ಅರಬ್ ಮತ್ತು ಯೆಹೂದಿ ವರ್ತಕರಲ್ಲಿ ಆ ಹೆಸರಿಗೆ ಸಾಲ ಹುಟ್ಟುತ್ತಿತ್ತು.

1832ರ ಸುಮಾರಿಗೆ ಕುಟುಂಬ ಮುಂಬೈಗೆ ಬಂತು. ಆತನ ವಯಸ್ಸು ಆಗ ನಲವತ್ತರ ಆಸುಪಾಸು. ಬಂದ ಗಳಿಗೆ ಒಳ್ಳೆಯದಿತ್ತು. ಮರುವರ್ಷವೇ ಬ್ರಿಟಿಷ್ ಸಂಸತ್ತು ಈಸ್ಟ್ ಇಂಡಿಯಾ ಕಂಪನಿಗಿದ್ದ ಚೀನಾ ವ್ಯಾಪಾರದ ಏಕಸ್ವಾಮ್ಯವನ್ನು ರದ್ದುಮಾಡಿತು. ಖಾಸಗಿ ವರ್ತಕರಿಗೆ ಬಾಗಿಲು ತೆರೆಯಿತು. ಡೇವಿಡ್ ಮೊದಲು ಕೊಲ್ಲಿಯ ದೇಶಗಳೊಂದಿಗೆ ಬಟ್ಟೆ, ನೂಲಿನಂಥ ಸರಕುಗಳ ವ್ಯಾಪಾರ ಮಾಡಿದ. ಹಿಂದೂಸ್ತಾನಿ ಕಲಿತ. ಇಂಗ್ಲಿಷ್ ಕಲಿಯುವ ಗೋಜಿಗೆ ಹೋಗಲಿಲ್ಲ. ಕೊನೆಯವರೆಗೂ ಬಾಗ್ದಾದಿ ನಿಲುವಂಗಿ, ರುಮಾಲು. 1853ರಲ್ಲಿ ಬ್ರಿಟಿಷ್ ಪ್ರಜೆಯಾದಾಗ ಕಾಗದಕ್ಕೆ ಸಹಿ ಹಾಕಿದ್ದು ಹೀಬ್ರೂ ಲಿಪಿಯಲ್ಲಿ. ಆತನ ಪೇಢಿಯ, ಅಂದರೆ ವ್ಯಾಪಾರ ಸಂಸ್ಥೆಯ, ಪತ್ರವ್ಯವಹಾರ ನಡೆಯುತ್ತಿದ್ದುದೂ ಹೀಬ್ರೂ ಲಿಪಿಯಲ್ಲಿ ಬರೆದ ಬಾಗ್ದಾದಿ ಅರಬ್ಬಿಯಲ್ಲಿ. ಹಾದಿಯಲ್ಲಿ ಯಾರ ಕೈಗೆ ಸಿಕ್ಕರೂ ಅವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಬೀಗ ಬೇಕೇ?

ಈಗ ದಾನದ ವಿಷಯ. ಗಳಿಕೆಯ ಹತ್ತನೆಯ ಒಂದು ಪಾಲನ್ನು ಇಲ್ಲದವರಿಗೆ ಕೊಡಬೇಕೆಂಬುದು ಯೆಹೂದಿ ಸಂಪ್ರದಾಯದ ಹಳೆಯ ನಿಯಮ. ಅದು ಉದಾರ ಮನಸ್ಸಿನ ಗುರುತಲ್ಲ, ನ್ಯಾಯವಾಗಿ ಸಲ್ಲಬೇಕಾದ ಬಾಕಿ. ಸಸೂನರ ಪೇಢಿಯ ಲೆಕ್ಕದಲ್ಲಿ ಧರ್ಮಕ್ಕೆಂದು ಪ್ರತ್ಯೇಕ ಖಾತೆಯಿತ್ತು. ವ್ಯವಹಾರಗಳ ಮೊತ್ತದಲ್ಲಿ ಒಂದು ಚಿಕ್ಕ ಅಂಶ ಅಲ್ಲಿಗೆ ಹೋಗುತ್ತಿತ್ತು. ಹುಬ್ಬಳ್ಳಿಯ ಹತ್ತಿ ಪೇಟೆಯನ್ನೋ ಬೈಲಹೊಂಗಲದ ಧಾನ್ಯದ ಪೇಟೆಯನ್ನೋ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಪೇಟೆಗಳಲ್ಲೂ ಅಡತಿಯವರು ಪಟ್ಟಿಯಲ್ಲಿ ದಲಾಲಿ, ಹಮಾಲಿಯ ಜೊತೆಗೆ ಧರ್ಮಾದಾಯವೆಂದು ಒಂದಿಷ್ಟು ಮುರಿದುಕೊಳ್ಳುತ್ತಿದ್ದರು. ಗುಡಿ, ಛತ್ರ, ಪಾಠಶಾಲೆ ನಡೆದದ್ದು ಅದರಿಂದ. ಈ ಪದ್ಧತಿಯ ಸ್ವಭಾವವನ್ನು ಗಮನಿಸಿ. ಸರಕು ಯಾವುದೆಂದು ಧರ್ಮದ ಖಾತೆ ಕೇಳುವುದಿಲ್ಲ. ಹತ್ತಿಯ ಮೂಟೆ ಕೊಟ್ಟಂತೆಯೇ ಅಫೀಮಿನ ಪೆಟ್ಟಿಗೆಯೂ ತನ್ನ ಪಾಲು ಕೊಡುತ್ತದೆ. ಹಾಗಾಗಿ ಪುಣ್ಯದ ಹಣ ಬೇರೆ, ಪಾಪದ ಹಣ ಬೇರೆ ಎಂದು ವಿಂಗಡಿಸಲು ಹೊರಟರೆ ಆ ಕೀರ್ದಿಯಲ್ಲಿ ಅದಕ್ಕೆ ಕಲಮೇ ಇಲ್ಲ.

ಮೊದಲು ಕೊಟ್ಟದ್ದು ತನ್ನವರಿಗೆ. ಬಾಗ್ದಾದ್, ಬಸ್ರಾ, ಸಿರಿಯಾ, ಪರ್ಷಿಯಾಗಳಿಂದ ಬರಿಗೈಯಲ್ಲಿ ಬರುತ್ತಿದ್ದ ಯೆಹೂದಿ ಹುಡುಗರಿಗೆ ಮುಂಬೈಯಲ್ಲಿ ಶಾಲೆ ತೆರೆದ. ಅಲ್ಲಿ ಹೀಬ್ರೂ, ಅರಬ್ಬಿ, ಲೆಕ್ಕ ಕಲಿಯುತ್ತಿದ್ದರು; ತಾನು ಕಲಿಯದ ಇಂಗ್ಲಿಷನ್ನು ಅವರಿಗೆ ಕಲಿಸಿದ. ಕಲಿತವರು ಪೇಢಿಯಲ್ಲೇ ಗುಮಾಸ್ತರಾಗುತ್ತಿದ್ದರು, ಮುಂದೆ ಕಲ್ಕತ್ತಾ, ಹಾಂಗ್‌ಕಾಂಗ್, ಶಾಂಘೈ ಶಾಖೆಗಳಿಗೆ ಹೋಗುತ್ತಿದ್ದರು. ಇರಲು ಮನೆ, ಕಾಯಿಲೆಗೆ ಔಷಧ, ಸತ್ತರೆ ಮಣ್ಣು, ಎಲ್ಲಕ್ಕೂ ಪೇಢಿಯೇ ಇತ್ತು. ಇದನ್ನು ದಾನವೆನ್ನಬೇಕೋ ನೌಕರರ ತರಬೇತಿಯೆನ್ನಬೇಕೋ? ಎರಡೂ ಹೌದು. ಸಾವಿರಾರು ಮೈಲಿ ದೂರದ ಬಂದರಿನಲ್ಲಿ ಲಕ್ಷಗಟ್ಟಲೆ ರೂಪಾಯಿಯ ಸರಕನ್ನು ನಂಬಿ ಬಿಡಬೇಕಾದ ವರ್ತಕನಿಗೆ, ತನ್ನ ಅನ್ನ ಉಂಡು ತನ್ನ ಲಿಪಿಯಲ್ಲಿ ಬರೆಯುವ ಹುಡುಗನಿಗಿಂತ ಭದ್ರವಾದ ಜಾಮೀನು ಇಲ್ಲ. ಉಪಕಾರ ಮತ್ತು ಲಾಭ ಇಷ್ಟು ಒಟ್ಟಿಗೆ ಹೆಣೆದುಕೊಂಡಿರುವಾಗ ಒಂದನ್ನೇ ಎಳೆದು ತೋರಿಸುವವರನ್ನು ನಾನು ನಂಬುವುದಿಲ್ಲ.

ಆ ವಾತ್ಸಲ್ಯಕ್ಕೂ ಗಡಿಯಿತ್ತು. ಬಾಗ್ದಾದಿಗಳು ಬರುವ ಮೊದಲೇ ಕೊಂಕಣ ತೀರದಲ್ಲಿ ಮರಾಠಿ ಮಾತಾಡುವ ಬೆನೆ ಇಸ್ರೇಲಿ ಯೆಹೂದಿಗಳು ತಲೆತಲಾಂತರದಿಂದ ನೆಲೆಸಿದ್ದರು. ಮುಂಬೈಯ ಮೊದಲ ಸಿನಗಾಗ್ (ಯೆಹೂದಿ ಪ್ರಾರ್ಥನಾ ಮಂದಿರ) ಕಟ್ಟಿದ್ದು ಅವರೇ, 1796ರಲ್ಲಿ. ಅದನ್ನು ಕಟ್ಟಿಸಿದ ಸಾಮುವೆಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿದ್ದು, ಬದುಕಿ ಬಂದರೆ ಮಂದಿರ ಕಟ್ಟಿಸುವೆನೆಂದು ಹರಕೆ ಹೊತ್ತಿದ್ದನೆಂದು ಅವರ ಪರಂಪರೆ ಹೇಳುತ್ತದೆ. ಹೊಸದಾಗಿ ಬಂದ ಬಾಗ್ದಾದಿಗಳು ಮೊದಲು ಇವರ ಮಂದಿರದಲ್ಲೇ ಪ್ರಾರ್ಥಿಸಿದರು. ಆದರೆ 1836ರಲ್ಲೇ, ಸ್ಮಶಾನದಲ್ಲಿ ತಮಗೂ ಬೆನೆ ಇಸ್ರೇಲಿಗಳಿಗೂ ನಡುವೆ ಗೋಡೆ ಬೇಕೆಂದು ಬಾಗ್ದಾದಿಗಳಿಂದ ಸರ್ಕಾರಕ್ಕೆ ಅರ್ಜಿ ಹೋಯಿತು. ಆಶ್ರಯ ಕೊಟ್ಟವರನ್ನೇ ಕುಲ ಶುದ್ಧವಲ್ಲವೆಂದು ದೂರವಿಟ್ಟರು. ನಮಗೆ ಅಪರಿಚಿತವಾದ ಸಂಗತಿಯೇನಲ್ಲ. ಆದರೂ ಸಸೂನರ ದಾನಶೀಲತೆಯನ್ನು ಹೊಗಳುವ ಲೇಖನಗಳಲ್ಲಿ ಈ ಗೋಡೆಯ ಪ್ರಸ್ತಾಪ ಅಪರೂಪ.

ಮುಂದೆ ದಾನ ಊರಿಗೆ ಹರಿಯಿತು. ಇದಕ್ಕೆ ಮುಂಬೈಯ ಗಾಳಿ ಕಾರಣ. ಆ ನಗರದಲ್ಲಿ ದೊಡ್ಡ ವರ್ತಕನೆನಿಸಿಕೊಳ್ಳಬೇಕಾದರೆ ಊರಿಗೆ ಏನಾದರೂ ಕಟ್ಟಿಸಿಕೊಡಬೇಕಿತ್ತು. ಪಾರ್ಸಿ ವರ್ತಕ ಜಮ್ಶೆಟ್ಜಿ ಜೀಜೀಭಾಯ್ ಆ ಹಾದಿ ಹಾಕಿಕೊಟ್ಟಿದ್ದ, ಜೆ.ಜೆ. ಆಸ್ಪತ್ರೆ, ಜೆ.ಜೆ. ಕಲಾಶಾಲೆ ಆತನ ಹೆಸರಿನವು. ಆತನ ಸಂಪತ್ತಿಗೂ ಅಫೀಮೇ ದೊಡ್ಡ ಮೂಲವಾಗಿತ್ತು ಎಂಬುದನ್ನು ನಿಮ್ಮ ಎರಡನೆಯ ಸ್ನೇಹಿತರಿಗೆ ತಿಳಿಸಿ. ಹಳೆಯ ಮುಂಬೈಯಲ್ಲಿ ಬಡವರಿಗಾಗಿ ಎದ್ದ ಎಷ್ಟೋ ಕಟ್ಟಡಗಳ ತಳಪಾಯದಲ್ಲಿ ಅಫೀಮು ಕೊಡುತ್ತಿದ್ದ ಮಧ್ಯ ಭಾರತದ ಮಾಳವ ಸೀಮೆಯ ಗಸಗಸೆ ಹೊಲಗಳಿವೆ.

ಡೇವಿಡ್ ಈ ಹಾದಿಯಲ್ಲಿ ನಡೆದ. ಬೀದಿಯಲ್ಲಿ ಸಿಕ್ಕಿಬಿದ್ದ ಮಕ್ಕಳನ್ನು ದೊಡ್ಡ ಕೈದಿಗಳ ಜೊತೆ ಜೈಲಿಗೆ ತಳ್ಳುವ ಬದಲು ಕಸುಬು ಕಲಿಸುವ ಸುಧಾರಣಾ ಶಾಲೆಗೆ 1857ರಲ್ಲಿ ಬೆಂಬಲ ಕೊಟ್ಟ. ಮುಂಬೈಯಲ್ಲಿ ಅದು ಆತನ ಹೆಸರಿನಲ್ಲೇ ಉಳಿದಿದೆ. ನನ್ನ ದೃಷ್ಟಿಯಲ್ಲಿ ಆತನ ಕೊಡುಗೆಗಳಲ್ಲಿ ಎಲ್ಲಕ್ಕಿಂತ ಮುಂದಾಲೋಚನೆಯದು ಇದೇ. ಟಂಕಸಾಲೆ ಮತ್ತು ಹಡಗುಕಟ್ಟೆಯ ಯುವ ಕೆಲಸಗಾರರು 1847ರಲ್ಲಿ ಓದುವ ಸಂಘವೊಂದನ್ನು ಕಟ್ಟಿಕೊಂಡಿದ್ದರು. ಅದರ ಕಟ್ಟಡಕ್ಕೆ 60,000 ರೂಪಾಯಿ ಕೊಟ್ಟ. 1870ರಲ್ಲಿ ಮುಗಿದ ಆ ಕಟ್ಟಡವೇ ಕಾಲಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯ. ಒಳಗೆ ಹೋದರೆ ನಿಲುವಂಗಿ ತೊಟ್ಟ ಆತನ ಅಮೃತಶಿಲೆಯ ಪ್ರತಿಮೆ ನಿಂತಿದೆ. ಬೈಕಲ್ಲಾದ ಮಾಗೆನ್ ಡೇವಿಡ್ ಸಿನಗಾಗ್ 1860ರ ದಶಕದ ಆರಂಭದ್ದು. 1857ರ ಬಂಡಾಯದ ಸಮಯದಲ್ಲಿ ಬ್ರಿಟಿಷರ ಪರವಾಗಿ ಯೆಹೂದಿಗಳ ಪಡೆಯೊಂದನ್ನು ಕಟ್ಟಿಕೊಡಲು ಮುಂದಾಗಿದ್ದನೆಂಬುದನ್ನೂ ಮರೆಯಬಾರದು. ಪಾಷಾನ ಸೆರೆ ಕಂಡವನಿಗೆ ಕಾನೂನಿನ ಆಸರೆ ಕೊಡುವ ಸರ್ಕಾರ ಎಂಥದ್ದೆಂದು ಗೊತ್ತಿತ್ತು. ಅದೇ ಸರ್ಕಾರ ಇತರರಿಗೆ ಏನು ಮಾಡುತ್ತಿದೆ ಎಂಬುದು ಆತನ ಚಿಂತೆಯಾಗಿರಲಿಲ್ಲ.

ಅಫೀಮಿಗೆ ಬರೋಣ. ಬ್ರಿಟಿಷ್ ಭಾರತದಲ್ಲಿ ಅದು ಕಳ್ಳವ್ಯಾಪಾರವಾಗಿರಲಿಲ್ಲ. ಬಿಹಾರ ಮತ್ತು ಬನಾರಸ್ ಸುತ್ತಿನಲ್ಲಿ ರೈತರಿಂದ ಗಸಗಸೆ ಬೆಳೆಸಿ, ಅಫೀಮು ಮಾಡಿಸಿ, ಕಲ್ಕತ್ತಾದಲ್ಲಿ ಹರಾಜು ಹಾಕುತ್ತಿದ್ದವರು ಕಂಪನಿ ಸರ್ಕಾರದವರೇ. ಮಾಳವದ ಸಂಸ್ಥಾನಗಳ ಅಫೀಮು ಖಾಸಗಿ ವರ್ತಕರ ಮೂಲಕ ಮುಂಬೈಗೆ ಬರುತ್ತಿತ್ತು, ಸರ್ಕಾರ ಪೆಟ್ಟಿಗೆಗೆ ಇಷ್ಟೆಂದು ಸುಂಕ ಕಟ್ಟಿಸಿಕೊಳ್ಳುತ್ತಿತ್ತು. ಸಸೂನರು ಕೈಹಾಕಿದ್ದು ಮುಖ್ಯವಾಗಿ ಇಲ್ಲಿ. ಬ್ರಿಟನ್ ಮತ್ತು ಚೀನಾ ನಡುವಿನ ಮೊದಲನೆಯ ಅಫೀಮು ಯುದ್ಧ ಮುಗಿದು 1842ರ ನಾನ್‌ಜಿಂಗ್ ಒಪ್ಪಂದದಿಂದ ಚೀನಾದ ಐದು ಬಂದರುಗಳು ತೆರೆದ ಮೇಲೆ, ಡೇವಿಡ್ ತನ್ನ ಎರಡನೆಯ ಮಗ ಇಲಿಯಾಸನನ್ನು ಅಲ್ಲಿಗೆ ಕಳಿಸಿದ. ಪೇಢಿಯ ತಂತ್ರ ಸರಳವಾಗಿತ್ತು: ಮಾಳವದ ವ್ಯಾಪಾರಿಗಳಿಗೆ ಬೆಳೆ ಕೈಗೆ ಬರುವ ಮೊದಲೇ ಮುಂಗಡ ಕೊಟ್ಟು ಸರಕನ್ನು ಕಟ್ಟಿಹಾಕುವುದು. ಪೇಟೆಯಲ್ಲಿ ಕಾದು ಕೊಳ್ಳುತ್ತಿದ್ದ ಜಾರ್ಡೀನ್ ಮ್ಯಾಥೆಸನ್‌ನಂಥ ದೈತ್ಯ ಬ್ರಿಟಿಷ್ ವ್ಯಾಪಾರ ಸಂಸ್ಥೆ 1870ರ ದಶಕದ ಆರಂಭಕ್ಕೆ ಅಫೀಮಿನಿಂದ ಹಿಂದೆ ಸರಿಯಿತು. ಆ ಹೊತ್ತಿಗೆ ಡೇವಿಡ್ ಬದುಕಿರಲಿಲ್ಲ, ಆದರೆ ಹೂಡಿದ್ದು ಆತನೇ.

"ಆ ಕಾಲವೇ ಹಾಗಿತ್ತು" ಎಂಬ ಸಮರ್ಥನೆಯನ್ನು ನೀವು ಕೇಳಿರಬಹುದು. ಅರ್ಧ ಮಾತ್ರ ಒಪ್ಪುತ್ತೇನೆ. ಮುಂಬೈಯಲ್ಲಿ ಕಾನೂನುಬದ್ಧವಾಗಿದ್ದ ಸರಕು ಚೀನಾದಲ್ಲಿ ನಿಷಿದ್ಧವಾಗಿತ್ತು. 1839ರಲ್ಲಿ ಲಿನ್ ಜೆಕ್ಸು ಎಂಬ ಚೀನೀ ಅಧಿಕಾರಿ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಮಾಡಿಸಿದ್ದ. ಯುದ್ಧವಾದದ್ದೇ ಅದಕ್ಕಾಗಿ. ಎರಡನೆಯ ಯುದ್ಧದ ನಡುವೆ, 1858ರಲ್ಲಿ, ಅಫೀಮಿಗೆ ಸುಂಕ ಹಾಕಿ ಬಿಟ್ಟುಕೊಳ್ಳುವಂತೆ ಚೀನಾವನ್ನು ಒಪ್ಪಿಸಿದರು. ಅಲ್ಲಿಯವರೆಗೆ ನಡೆದದ್ದು ಕಳ್ಳಸಾಗಣೆ. ಇಂಗ್ಲೆಂಡಿನಲ್ಲೂ ವಿರೋಧಿಸುವವರಿದ್ದರು, 1874ರಲ್ಲಿ ಅದಕ್ಕಾಗಿಯೇ ಸಂಘ ಕಟ್ಟಿದರು. ಅಂದರೆ ಇದು ಕೆಡುಕೆಂದು ಆ ಕಾಲಕ್ಕೇ ಗೊತ್ತಿತ್ತು, ಹೇಳುವವರೂ ಇದ್ದರು. ವರ್ತಕರು ಕೇಳಿಸಿಕೊಳ್ಳಲಿಲ್ಲ, ಸರ್ಕಾರವಂತೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲೇ ಇರಲಿಲ್ಲ, ಏಕೆಂದರೆ ಅಫೀಮು ಅದರ ಆದಾಯದ ದೊಡ್ಡ ಬಾಬ್ತು.

"ಪಾಪ ತೊಳೆಯುವ ದಾನ" ಎಂಬ ಮಾತು ನನಗೆ ಹಿಡಿಸದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ತೊಳೆಯಬೇಕಾದರೆ ನೋಯಿಸಿದವನಿಗೆ ತಾನೇ ಕೊಡಬೇಕು? ಅಫೀಮಿಗೆ ಬೆಲೆ ತೆತ್ತವರು ಚೀನಾದ ಬಂದರುಗಳ ಕೂಲಿಗಳು, ಕುಶಲಕರ್ಮಿಗಳು, ಅವರ ಹೆಂಡಿರು ಮಕ್ಕಳು. ಆಸ್ಪತ್ರೆ ಎದ್ದದ್ದು ಪುಣೆಯಲ್ಲಿ. ಈ ಲೆಕ್ಕ ಯಾವ ತಕ್ಕಡಿಯಲ್ಲೂ ಸರಿದೂಗುವುದಿಲ್ಲ, ಸರಿದೂಗಿಸಲು ಆತ ಪ್ರಯತ್ನಿಸಲೂ ಇಲ್ಲ.

ಅಫೀಮೊಂದೇ ಆತನ ಸರಕಾಗಿರಲಿಲ್ಲವೆಂಬುದನ್ನೂ ಸೇರಿಸಬೇಕು. ಇಲ್ಲಿ ನಮ್ಮ ಸೀಮೆಯೂ ಬರುತ್ತದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತಿತು. ಭಾರತದ ಹತ್ತಿಗೆ ಬಂಗಾರದ ಬೆಲೆ ಬಂತು. ಧಾರವಾಡ-ಅಮೆರಿಕನ್ ಎಂಬ ತಳಿಯೂ ಕುಮಟಾ ಬಂದರಿನ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಹತ್ತಿಯೂ ಆಗ ಲ್ಯಾಂಕಾಷೈರ್‌ನ ಗಿರಣಿಗಳಿಗೆ ಪರಿಚಿತ. ಧಾರವಾಡದ ಹತ್ತಿಯನ್ನು ಕಾರವಾರದಿಂದ ಸಾಗಿಸುವ ಯೋಜನೆಯ ಸಲುವಾಗಿಯೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಈ ಹತ್ತಿಯ ಸುಗ್ಗಿಯಲ್ಲಿ ಮುಂಬೈಯ ಎಲ್ಲ ದೊಡ್ಡ ಪೇಢಿಗಳೂ ಗಳಿಸಿದವು, ಸಸೂನರೂ ಗಳಿಸಿದರು. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿದಾಗ ಊರಿನ ಅರ್ಧ ಶ್ರೀಮಂತರು ದಿವಾಳಿಯಾದರು. ಹತ್ತಿಯ ಹಣದಿಂದ ಎದ್ದ ಷೇರುಗಳ ಹುಚ್ಚಿಗೆ ಬೀಳದೆ ಸಸೂನರು ಉಳಿದುಕೊಂಡರು.

ಆ ಕುಸಿತವನ್ನು ಡೇವಿಡ್ ನೋಡಲಿಲ್ಲ. 1864ರ ನವೆಂಬರ್ 7ರಂದು ಪುಣೆಯ ತನ್ನ ಮನೆಯಲ್ಲಿ ತೀರಿಕೊಂಡ. ಮುಂಬೈಯ ಸೆಕೆ ತಡೆಯದೆ ಪುಣೆಗೆ ಬರುವುದು ಆಗಿನ ಸಿರಿವಂತರ ವಾಡಿಕೆ. ಅಲ್ಲಿ ಆತ ಎರಡು ಕೆಲಸ ಹಿಡಿದಿದ್ದ: ಒಂದು ಸಿನಗಾಗ್, ಒಂದು ಆಸ್ಪತ್ರೆ. ಎರಡೂ ಮುಗಿದದ್ದು 1867ರಲ್ಲಿ, ಆತ ಹೋದ ಮೇಲೆ. ಆಸ್ಪತ್ರೆ ಜಾತಿ ಮತ ಕೇಳದೆ ಎಲ್ಲರಿಗೂ ತೆರೆದಿತ್ತು. ಸ್ಮಶಾನದಲ್ಲಿ ಗೋಡೆ ಕೇಳಿದ ಸಮುದಾಯದ ಮುಖ್ಯಸ್ಥ ರೋಗಿಗಳ ನಡುವೆ ಗೋಡೆ ಕೇಳಲಿಲ್ಲ. ಈ ವೈರುಧ್ಯಕ್ಕೆ ನನ್ನ ಬಳಿ ಅಚ್ಚುಕಟ್ಟಾದ ವಿವರಣೆಯಿಲ್ಲ. 1878ರಲ್ಲಿ ಅದರ ಪಕ್ಕದಲ್ಲಿ ಬೈರಾಮ್‌ಜಿ ಜೀಜೀಭಾಯ್ ಹೆಸರಿನ ವೈದ್ಯಕೀಯ ಶಾಲೆ ಬಂತು, 1946ರಲ್ಲಿ ಕಾಲೇಜಾಯಿತು. ಬೆಳಗಾವಿ, ಧಾರವಾಡ, ವಿಜಯಪುರಗಳು 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿದ್ದುದರಿಂದ ನಿಮ್ಮ ಕಡೆಯವರಿಗೆ ಪುಣೆಯ ದೊಡ್ಡಾಸ್ಪತ್ರೆ ಪರಕೀಯವಾಗಿರಲಿಲ್ಲ.

ಬೆಳಗಾವಿಯವರಾದ ನಿಮಗೆ ಇನ್ನೊಂದು ಸಂಗತಿ. 1924ರ ಜನವರಿಯಲ್ಲಿ ಯರವಾಡ ಜೈಲಿನಲ್ಲಿದ್ದ ಗಾಂಧೀಜಿಗೆ ಅಪೆಂಡಿಸೈಟಿಸ್ ಉಲ್ಬಣಿಸಿತು. ಸಸೂನ್ ಆಸ್ಪತ್ರೆಗೆ ತಂದರು. ಕರ್ನಲ್ ಮ್ಯಾಡಕ್ ಎಂಬ ಬ್ರಿಟಿಷ್ ವೈದ್ಯ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗ ವಿದ್ಯುತ್ ಹೋಯಿತು. ಕಂದೀಲಿನ ಬೆಳಕಿನಲ್ಲಿ ಮುಗಿಸಿದರು. ಫೆಬ್ರುವರಿ 5ರಂದು ಸರ್ಕಾರ ಅವರನ್ನು ಬಿಡುಗಡೆ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ನಿಮ್ಮ ಊರಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಅವರು ಅಧ್ಯಕ್ಷರಾದ ಏಕೈಕ ಅಧಿವೇಶನ ಅದು.

ಡೇವಿಡ್‌ನ ನಂತರದವರ ವಿಷಯವನ್ನು ಬೇಗ ಮುಗಿಸುತ್ತೇನೆ. ಹಿರಿಯ ಮಗ ಅಬ್ದುಲ್ಲಾ ಹೆಸರನ್ನು ಆಲ್ಬರ್ಟ್ ಎಂದು ಬದಲಿಸಿಕೊಂಡ, ಮುಂಬೈಯಲ್ಲಿ 1875ರ ಸಸೂನ್ ಡಾಕ್ ಕಟ್ಟಿಸಿದ, ಕೊನೆಗೆ ಲಂಡನ್ ಸೇರಿ ಬ್ಯಾರೊನೆಟ್ ಎಂಬ ಬ್ರಿಟಿಷ್ ವಂಶಪಾರಂಪರ್ಯ ಬಿರುದು ಪಡೆದ. ಇಲಿಯಾಸ್ ಬೇರೆಯಾಗಿ ಸ್ವಂತ ಪೇಢಿ ತೆರೆದ. ಅವನ ಮಗ ಜೇಕಬ್ ಬಟ್ಟೆ ಗಿರಣಿಗಳನ್ನು ನಡೆಸಿ, ಮುಂಬೈಯ ವಿಜ್ಞಾನ ಸಂಸ್ಥೆಗೆ ದೊಡ್ಡ ದೇಣಿಗೆ ಕೊಟ್ಟ. ನನಗೆ ಇವರೆಲ್ಲರಿಗಿಂತ ಹೆಚ್ಚು ಆಸಕ್ತಿ ಹುಟ್ಟಿಸುವವಳು ಡೇವಿಡ್‌ನ ಸೊಸೆ ಫ್ಲೋರಾ. ಗಂಡ 1894ರಲ್ಲಿ ತೀರಿಕೊಂಡ ಮೇಲೆ ಮುಂಬೈ ಪೇಢಿಯನ್ನು ತಾನೇ ನಡೆಸಿದಳು. ಒಡೆಸ್ಸಾದಲ್ಲಿ ಹುಟ್ಟಿದ ವಾಲ್ಡೆಮಾರ್ ಹಾಫ್‌ಕಿನ್ ಎಂಬ ಯೆಹೂದಿ ವಿಜ್ಞಾನಿ ಭಾರತಕ್ಕೆ ಬಂದು ಲಸಿಕೆ ಹಾಕತೊಡಗಿದಾಗ ಜನ ಹೆದರಿ ಓಡುತ್ತಿದ್ದರು. ಫ್ಲೋರಾ ಆತನ ಬೆಂಬಲಕ್ಕೆ ನಿಂತು, ತಾನೇ ಚುಚ್ಚಿಸಿಕೊಂಡು ಧೈರ್ಯ ತುಂಬಿದಳು. 1897ರ ಜನವರಿಯಲ್ಲಿ ಹಾಫ್‌ಕಿನ್ ಮುಂಬೈಯಲ್ಲಿ ಪ್ಲೇಗ್ ಲಸಿಕೆ ಸಿದ್ಧಪಡಿಸಿ ಮೊದಲು ತನ್ನ ಮೈಮೇಲೇ ಪ್ರಯೋಗಿಸಿಕೊಂಡ. ಮರುವರ್ಷ ಹುಬ್ಬಳ್ಳಿಗೆ ಪ್ಲೇಗ್ ನುಗ್ಗಿದಾಗ ಸಾವಿರ ಸಾವಿರ ಜನರಿಗೆ ಹಾಕಿದ್ದು ಅದೇ ಲಸಿಕೆ. ಸಸೂನ್ ಮನೆತನದ ಎಲ್ಲ ಕಟ್ಟಡಗಳನ್ನೂ ಒಂದು ಕಡೆ ಇಟ್ಟರೂ ಫ್ಲೋರಾ ಮುಂದೆ ಚಾಚಿದ ಆ ತೋಳಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಅದಕ್ಕೆ ಪೇಢಿಯ ಧರ್ಮದ ಖಾತೆ ಬೇಕಿರಲಿಲ್ಲ.

ಇನ್ನು ಹೆಸರಿನ ಪ್ರಶ್ನೆ. ಬದಲಿಸಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಹೆಸರು ಅಳಿಸಿದರೆ ಅಫೀಮಿನ ಸುದ್ದಿಯೂ ಅದರೊಂದಿಗೇ ಅಳಿಯುತ್ತದೆ. ನೀವು ಈ ಪ್ರಶ್ನೆ ಕೇಳಿದ್ದೇ ಆ ಹೆಸರು ಅಲ್ಲಿದ್ದುದರಿಂದ. ಮಾಡಬೇಕಾದ್ದು ಬೇರೆ: ಆಸ್ಪತ್ರೆಯ ಅಂಗಳದಲ್ಲಿ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಒಂದು ಫಲಕ, ಹಣ ಎಲ್ಲಿಂದ ಬಂತೆಂದು ಮುಚ್ಚುಮರೆಯಿಲ್ಲದೆ ಹೇಳುವಂಥದ್ದು. ದಾನಿಯನ್ನು ಹೊಗಳುವ ಫಲಕಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ, ಹಣದ ಮೂಲ ಹೇಳುವವು ಇಲ್ಲ. ಇಂದು ಆ ಆಸ್ಪತ್ರೆ ನಡೆಯುತ್ತಿರುವುದು ಮಹಾರಾಷ್ಟ್ರ ಸರ್ಕಾರದ ಹಣದಿಂದ, ಅಂದರೆ ತೆರಿಗೆದಾರರ ಹಣದಿಂದ ಎಂಬುದನ್ನೂ ಅದೇ ಫಲಕದಲ್ಲಿ ಬರೆಯಬಹುದು.

ಮತ್ತೆ ಪುಣೆಗೆ ಹೋದರೆ, ಬಿಡುವಿದ್ದಾಗ ಕ್ಯಾಂಪ್ ಪ್ರದೇಶದಲ್ಲಿರುವ ಆ ಸಿನಗಾಗ್ ನೋಡಿ ಬನ್ನಿ. ಅಧಿಕೃತ ಹೆಸರು ಓಹೆಲ್ ಡೇವಿಡ್. ರಿಕ್ಷಾದವರಿಗೆ ಲಾಲ್ ದೇವಳ ಎಂದರೆ ಬೇಗ ತಿಳಿಯುತ್ತದೆ, ಏಕೆಂದರೆ ಕಟ್ಟಡವೆಲ್ಲ ಕೆಂಪು ಇಟ್ಟಿಗೆ. ದೂರದಿಂದ ನೋಡಿದರೆ ಗಡಿಯಾರದ ಗೋಪುರವುಳ್ಳ ಇಂಗ್ಲಿಷ್ ಚರ್ಚಿನಂತೆಯೇ ಕಾಣುತ್ತದೆ. ಪಕ್ಕದಲ್ಲೇ ಡೇವಿಡ್ ಸಸೂನನ ಸಮಾಧಿಯಿದೆ. ಭದ್ರತೆ ಬಿಗಿಯಾಗಿರುವುದರಿಂದ ಮೊದಲೇ ವಿಚಾರಿಸಿಕೊಂಡು, ಗುರುತಿನ ಚೀಟಿ ಇಟ್ಟುಕೊಂಡು ಹೋಗಿ. ಶನಿವಾರ ಬೇಡ, ಅಂದು ಅವರ ಸಬ್ಬತ್, ವಾರದ ವಿಶ್ರಾಂತಿಯ ದಿನ.